ನಕ್ಕಿದ್ದು ಎಲ್ಲರೂ, ಹೆಸರು ಯಾರದು?

ಒಂದು ಸಣ್ಣ ಪರೀಕ್ಷೆ. ಗೂಗಲ್ ಮಾಡಬಾರದು, ಪಕ್ಕದವರನ್ನು ಕೇಳಬಾರದು. ಕನ್ನಡದ ಐದು ಜನ ಹಾಸ್ಯ ಲೇಖಕರ ಹೆಸರು ಹೇಳಿ.

ಬೀಚಿ ಅಂದಿರಿ. ಕೈಲಾಸಂ ಅಂದಿರಿ. ಸ್ವಲ್ಪ ಜಾಸ್ತಿ ಓದಿಕೊಂಡವರು ನಾ. ಕಸ್ತೂರಿ, ರಾಶಿ ಅಂದಿರಿ. ನಮ್ಮ ಹಾಸನದ ಕಡೆಯವರಾಗಿದ್ದರೆ ಗೊರೂರು ರಾಮಸ್ವಾಮಿ ಅಯ್ಯಂಗಾರರ ಹೆಸರು ಬಂದೇ ಬರುತ್ತೆ. ವಾಟ್ಸ್ಆ್ಯಪ್‌ನಲ್ಲಿ ಹನಿಗವನ ಓದುವವರು ಡುಂಡಿರಾಜ್ ಅಂದಿರುತ್ತೀರಿ. ಐದು ಕೇಳಿದ್ದೆ, ಆರಾಯಿತು. ಫುಲ್ ಮಾರ್ಕ್ಸ್.

ಈಗ ಎರಡನೇ ಪ್ರಶ್ನೆ. ಒಬ್ಬ ಹೆಂಗಸಿನ ಹೆಸರು ಹೇಳಿ ನೋಡೋಣ.

ಇದೇ ಪ್ರಶ್ನೆಯನ್ನು ಆಫೀಸಿನ ಊಟದ ಟೇಬಲ್ಲಿನಲ್ಲಿ ಕೇಳಿದಾಗ ಒಬ್ಬ, "ಉಮಾಶ್ರೀ" ಅಂದ. "ಅವರು ಆ್ಯಕ್ಟ್ರೆಸ್ ಕಣೋ, ಬರೆಯೋರು ಯಾರು ಹೇಳು" ಅಂದರೆ ಚಪಾತಿ ಮುರಿಯುತ್ತಾ ಯೋಚನೆ ಮಾಡಿದ. ಇನ್ನೊಬ್ಬ ಬಹಳ ವಿಶ್ವಾಸದಿಂದ ಹೇಳಿದ: "ಹೆಂಗಸರು ತಮಾಷೆ ಬರೆದಿಲ್ಲ ಅನ್ಸುತ್ತೆ. ಅಳಿಸೋ ಕಾದಂಬರಿ ಬರೆದಿದ್ದಾರೆ." ಟೇಬಲ್ಲಿನಲ್ಲಿ ಮೂವರು ಹೆಂಗಸರಿದ್ದೆವು. ಅವನ ಪ್ರತಿ ಮಾತಿಗೂ ಆ ಹೊತ್ತಿಗೆ ಮೂರು ಮೂರು ತಮಾಷೆ ಮಾಡಿ ಅವನನ್ನೇ ನಗಿಸಿದ್ದೆವು. ಆದರೂ ಅವನಿಗೆ ಹಾಗೆ ಅನ್ನಿಸಿತು.

ಉತ್ತರ ಹೇಳಿಬಿಡುತ್ತೇನೆ. ಟಿ. ಸುನಂದಮ್ಮ. ಕನ್ನಡದ ಮೊದಲ ಹಾಸ್ಯ ಲೇಖಕಿ ಅಂತಲೇ ಅವರನ್ನು ಕರೆಯುತ್ತಾರೆ. 1917ರಲ್ಲಿ ಹುಟ್ಟಿ 2006ರವರೆಗೆ ಬದುಕಿದ್ದವರು. ಅಂದರೆ ನಾವೆಲ್ಲ ಸ್ಕೂಲಲ್ಲಿ ಮಗ್ಗಿ ಬಾಯಿಪಾಠ ಮಾಡುತ್ತಿದ್ದ ಕಾಲದಲ್ಲಿ ಅವರು ನಮ್ಮ ನಡುವೆಯೇ ಇದ್ದರು. ಯಾವ ಮೇಷ್ಟ್ರೂ ನನಗೆ ಅವರ ಹೆಸರು ಹೇಳಲಿಲ್ಲ. ಇಂಜಿನಿಯರಿಂಗ್ ಮಾಡಿದವರಿಗೆ ಅಲ್ಲಿ ಹೇಳುವ ಪ್ರಶ್ನೆಯೇ ಇಲ್ಲ ಬಿಡಿ, ನಮಗೆ ಅಲ್ಲಿ ನಗುವುದಕ್ಕೇ ಸಿಲಬಸ್‌ನಲ್ಲಿ ಜಾಗ ಇರಲಿಲ್ಲ.

ಅವರು ಬರೆಯಲು ಶುರು ಮಾಡಿದ್ದು 'ಕೊರವಂಜಿ' ಪತ್ರಿಕೆಯ ಕಾಲದಲ್ಲಿ. 1942ರಲ್ಲಿ ಡಾ. ಎಂ. ಶಿವರಾಂ, ಅಂದರೆ ರಾಶಿ, ಬೆಂಗಳೂರಿನಲ್ಲಿ ಹುಟ್ಟುಹಾಕಿದ ಹಾಸ್ಯ ಮಾಸಪತ್ರಿಕೆ ಅದು. ವೃತ್ತಿಯಲ್ಲಿ ವೈದ್ಯರು, ಪ್ರವೃತ್ತಿಯಲ್ಲಿ ನಗಿಸುವವರು. ಆರ್.ಕೆ. ಲಕ್ಷ್ಮಣ್ ದೊಡ್ಡ ಹೆಸರಾಗುವ ಮೊದಲು ಅದಕ್ಕೆ ಚಿತ್ರ ಬರೆದುಕೊಟ್ಟವರು. 1967ರವರೆಗೆ, ಇಪ್ಪತ್ತೈದು ವರ್ಷ ಅದು ನಡೆಯಿತು.

ಆ ಹೆಸರನ್ನ ಸ್ವಲ್ಪ ಗಮನಿಸಿ. ಕೊರವಂಜಿ ಅಂದರೆ ಬುಟ್ಟಿ ಹೊತ್ತುಕೊಂಡು ಮನೆ ಬಾಗಿಲಿಗೆ ಬಂದು ಕಣಿ ಹೇಳುವ ಹೆಂಗಸು. ಅವಳಿಗೆ ಯಾರ ಭಯವೂ ಇಲ್ಲ. ಯಜಮಾನನ ಮುಖ ನೋಡಿಕೊಂಡೇ ಅವನ ಮನೆಯ ಹುಳುಕು ಹೇಳುತ್ತಾಳೆ, ಮೇಲಿಂದ ಮೊರದ ತುಂಬ ಅಕ್ಕಿನೂ ಇಸ್ಕೊಂಡು ಹೋಗುತ್ತಾಳೆ. ನಗಿಸುತ್ತಾ ನಿಜ ಹೇಳುವ ಕೆಲಸಕ್ಕೆ ಒಂದು ಮುಖ ಬೇಕು ಅಂದಾಗ ಪತ್ರಿಕೆಯವರಿಗೆ ಹೊಳೆದದ್ದು ಹೆಂಗಸಿನ ಮುಖ. ಆದರೆ ಒಳಗೆ ಬರೆಯುತ್ತಿದ್ದವರು ಬಹುಪಾಲು ಗಂಡಸರೇ. ಹೊರಗಡೆ ಬೋರ್ಡಿನಲ್ಲಿ ಅವಳು, ಒಳಗಡೆ ಕುರ್ಚಿಯಲ್ಲಿ ಅವರು. ಆ ಕುರ್ಚಿಗಳ ನಡುವೆ ಒಂದನ್ನು ಎಳೆದುಕೊಂಡು ಕೂತವರು ಸುನಂದಮ್ಮ. ಕುರ್ಚಿ ಕೊಟ್ಟ ರಾಶಿಯವರಿಗೂ ಒಂದು ನಮಸ್ಕಾರ ಸಲ್ಲಲೇಬೇಕು.

ಅವರ ಪುಸ್ತಕಗಳ ಹೆಸರು ನೋಡಿದರೇ ಅರ್ಧ ನಗು ಬರುತ್ತೆ. ಪೆಪ್ಪರಮೆಂಟು. ಬಣ್ಣದ ಚಿಟ್ಟೆ. ಜಂಬದ ಚೀಲ. ರೂಢಿಗಾಡಿ. ತೆನಾಲಿ ಪಾಪಚ್ಚಿ. ವ್ಯಾನಿಟಿ ಬ್ಯಾಗಿಗೆ ಜಂಬದ ಚೀಲ ಅಂದಾಗ ಇಂಗ್ಲಿಷಿನಲ್ಲಿ ನಮಗೆ ಕೇಳಿಸದೇ ಹೋಗಿದ್ದ ತಮಾಷೆ ಕನ್ನಡದಲ್ಲಿ ಕೇಳಿಸುತ್ತೆ. ರೂಢಿಗಾಡಿ ಅನ್ನುವ ಒಂದೇ ಪದದಲ್ಲಿ, ಹಿಂದಿನಿಂದ ಬಂದದ್ದು ಅನ್ನುವ ಒಂದೇ ಕಾರಣಕ್ಕೆ ನಾವು ಹತ್ತಿ ಕೂತಿರುವ, ಚಕ್ರ ಸವೆದರೂ ಇಳಿಯದ ಎಷ್ಟೋ ಗಾಡಿಗಳು ನೆನಪಾಗುತ್ತವೆ.

ನನಗೆ ಅವರ ಬರಹ ಸಿಕ್ಕಿದ್ದು ಬೆಂಗಳೂರಿನ ಅವೆನ್ಯೂ ರೋಡಿನ ಹಳೆ ಪುಸ್ತಕದ ರಾಶಿಯಲ್ಲಿ, ರಟ್ಟು ಹರಿದುಹೋಗಿದ್ದ ಒಂದು ಪ್ರಬಂಧ ಸಂಕಲನದಲ್ಲಿ. ಇಪ್ಪತ್ತು ರೂಪಾಯಿ. ಮೆಟ್ರೋದಲ್ಲಿ ಓದುತ್ತಾ ಒಬ್ಬಳೇ ನಕ್ಕೆ. ಎದುರಿಗಿದ್ದ ಆಂಟಿ ನನ್ನ ಫೋನಿನ ಕಡೆ ನೋಡಿದರು. ಫೋನು ಬ್ಯಾಗಿನಲ್ಲಿತ್ತು. ಅವರಿಗೆ ಇನ್ನೂ ಅನುಮಾನ ಜಾಸ್ತಿಯಾಯಿತು.

ಓದುತ್ತಾ ನನಗೆ ಹೊಳೆದದ್ದು ಇಷ್ಟು. ನಾವು ದಿನಾ ಕೇಳುವ ಹೆಂಡತಿ ಜೋಕುಗಳಿದ್ದಾವಲ್ಲ, ಫ್ಯಾಮಿಲಿ ಗ್ರೂಪಿನಲ್ಲಿ ಬೆಳಿಗ್ಗೆ ಗುಡ್ ಮಾರ್ನಿಂಗ್ ಹೂವಿನ ಹಿಂದೆಯೇ ಬರುತ್ತವಲ್ಲ, ಅವುಗಳಲ್ಲಿ ಹೆಂಡತಿಗೆ ಇರುವುದು ಎರಡೇ ಗುಣ. ಒಂದು, ಖರ್ಚು ಮಾಡುತ್ತಾಳೆ. ಇನ್ನೊಂದು, ಮಾತಾಡುತ್ತಾಳೆ. ಇಷ್ಟನ್ನ ಒಂದು ಇಫ್-ಎಲ್ಸ್‌ನಲ್ಲಿ ಬರೆದುಬಿಡಬಹುದು, ಇಂಟರ್ನ್ ಕೂಡ ಮಧ್ಯಾಹ್ನದೊಳಗೆ ಮುಗಿಸುತ್ತಾನೆ. ಆ ಜೋಕುಗಳಲ್ಲಿ ಕ್ಯಾಮೆರಾ ಯಾವಾಗಲೂ ಹಾಲಿನಲ್ಲೇ ಇರುತ್ತೆ, ಸೋಫಾದ ಮೇಲೆ. ಅಡುಗೆಮನೆಯಿಂದ ಒಂದು ಧ್ವನಿ ಬರುತ್ತೆ, ಅಷ್ಟೆ. ಸುನಂದಮ್ಮ ಆ ಕ್ಯಾಮೆರಾ ಎತ್ತಿಕೊಂಡು ಹೋಗಿ ಅಡುಗೆಮನೆ ಕಟ್ಟೆಯ ಮೇಲೆ ಇಟ್ಟರು. ಅಲ್ಲಿಂದ ನೋಡಿದರೆ ಹಾಲಿನಲ್ಲಿ ಕೂತವರೂ ಕಡಿಮೆ ತಮಾಷೆಯಾಗಿ ಕಾಣುವುದಿಲ್ಲ. ಹಾಗಂತ ಹೆಂಗಸರನ್ನೂ ಬಿಡಲಿಲ್ಲ. ನಮ್ಮ ಜಂಬ, ನಮ್ಮ ಹೋಲಿಕೆ, ನಮ್ಮ ಸಭೆ-ಸಮಾರಂಭ, ಎಲ್ಲದಕ್ಕೂ ಒಂದೊಂದು ಪೆಪ್ಪರಮೆಂಟು ಕೊಟ್ಟಿದ್ದಾರೆ. ಯಾರನ್ನೂ ಕೆಳಗೆ ತಳ್ಳದೆ ನಗಿಸುವುದು ಎಷ್ಟು ಕಷ್ಟ ಅಂತ ಒಂದು ಅಂಕಣ ಬರೆಯಲು ಕೂತರೆ ಗೊತ್ತಾಗುತ್ತೆ.

ಈಗ ನಮ್ಮೂರಿಗೆ ಬರುತ್ತೇನೆ.

ಹುಲಿಕೆರೆ ಅಂದರೆ ಹಳೇಬೀಡಿಗೆ ಬಂದ ಟೂರಿಸ್ಟ್ ಬಸ್ಸುಗಳು ಸಾಮಾನ್ಯವಾಗಿ ಬಿಟ್ಟು ಹೋಗುವ ಊರು. ಅಲ್ಲಿಂದ ಹತ್ತಿರವೇ. ಹೊಯ್ಸಳರ ಕಾಲದ ಒಂದು ಕಲ್ಯಾಣಿ ಇದೆ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತೆ, ಸುತ್ತಲೂ ಪುಟ್ಟ ಪುಟ್ಟ ಗುಡಿಗಳು. ನೋಡಿದವರು ಮರೆಯುವುದಿಲ್ಲ. ನೋಡುವವರು ಕಡಿಮೆ. ಆ ಊರಲ್ಲಿ ನಮ್ಮ ಚಿಕ್ಕಪ್ಪನ ಮನೆ, ಅದರ ಜಗಲಿಯ ಮೇಲೆ ನಮ್ಮ ಅಜ್ಜಿ.

ಅಜ್ಜಿಗೆ ಎಂಬತ್ತು ದಾಟಿದೆ. ಓದು ನಾಲ್ಕನೇ ಕ್ಲಾಸು. ಅವರ ಬಾಯಿಂದ ಬರುವ ಮಾತು ಮಾತ್ರ ಡಬಲ್ ಡಿಗ್ರಿ. ಕೊರೋನಾ ಸಮಯದಲ್ಲಿ ನಾನು ನಾಲ್ಕು ತಿಂಗಳು ಅಲ್ಲಿಂದಲೇ ಕೆಲಸ ಮಾಡಿದೆ. ಬೆಳಿಗ್ಗೆಯಿಂದ ಸಂಜೆವರೆಗೆ ಹೆಡ್‌ಫೋನ್ ಹಾಕಿಕೊಂಡು ಮೀಟಿಂಗು. ಒಂದು ವಾರ ಸುಮ್ಮನೆ ನೋಡಿದ ಅಜ್ಜಿ ಎಂಟನೇ ದಿನ ಹೇಳಿದರು: "ಇವಳು ದಿನಾ ಪೆಟ್ಟಿಗೆ ಮುಂದೆ ಕೂತ್ಕೊಂಡು ಒಬ್ಬಳೇ ಮಾತಾಡ್ತಾಳೆ, ಇವಳಿಗೆ ಸಂಬಳ ಕೊಡ್ತಾರಂತೆ. ಅದೇ ನಾನು ಒಬ್ಬಳೇ ಮಾತಾಡಿದ್ರೆ ಹಾಸನದ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ತೀರ."

ಮುಂದಿನ ಸಲ ಈ ಮಾತು ನನ್ನ ಕಿವಿಗೆ ಬಿದ್ದದ್ದು ಅರಸೀಕೆರೆಯ ಒಂದು ಕಲ್ಯಾಣ ಮಂಟಪದಲ್ಲಿ, ಊಟದ ಎರಡನೇ ಪಂಕ್ತಿಯಲ್ಲಿ. ಹೇಳುತ್ತಿದ್ದವರು ನಮ್ಮ ದೊಡ್ಡಪ್ಪ. ಅವರ ಸುತ್ತ ಹತ್ತು ಜನ ಹೋಳಿಗೆ ಬಿಟ್ಟು ನಗುತ್ತಿದ್ದರು. "ನಾನು ಹೇಳ್ದೆ ಅವಳಿಗೆ..." ಅಂತ ಶುರುವಾಗಿತ್ತು ಕಥೆ. ಪಕ್ಕದವರು, "ಏನ್ ಸೆನ್ಸ್ ಆಫ್ ಹ್ಯೂಮರ್ ಸಾರ್ ನಿಮ್ದು" ಅಂದರು. ಅಜ್ಜಿ ಎರಡು ಎಲೆ ಆಚೆ ಕೂತು ಪಲ್ಯ ತಿನ್ನುತ್ತಿದ್ದರು. ನಾನು ಅವರ ಮುಖ ನೋಡಿದೆ. "ಇರ್ಲಿ ಬಿಡೆ, ಅವನ ಹತ್ರ ಸ್ವಂತದ್ದು ಏನಿದೆ ಪಾಪ" ಅಂದರು. ಆ ಜೋಕನ್ನೂ ನನ್ನ ಬಿಟ್ಟರೆ ಇನ್ಯಾರೂ ಕೇಳಲಿಲ್ಲ.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಒಂದು ಕಮಾಂಡ್ ಇದೆ. ಸಾವಿರಾರು ಸಾಲಿನ ಕೋಡಿನಲ್ಲಿ ಯಾವ ಸಾಲು ಯಾರು ಬರೆದದ್ದು, ಯಾವತ್ತು ಬರೆದದ್ದು ಅಂತ ಹೆಸರು ಸಮೇತ ತೋರಿಸುತ್ತೆ. ಅದರ ಹೆಸರು ಗಿಟ್ ಬ್ಲೇಮ್. ಬ್ಲೇಮ್ ಅಂತಲೇ ಯಾಕೆ ಇಟ್ಟರು ಅಂದರೆ, ಎಲ್ಲ ಸರಿ ಇದ್ದಾಗ ಆ ಸಾಲು ಬರೆದವರು ಯಾರು ಅಂತ ಸಾಮಾನ್ಯವಾಗಿ ಯಾರೂ ಹುಡುಕುವುದಿಲ್ಲ, ತಪ್ಪಾದಾಗ ಮಾತ್ರ ಹುಡುಕುತ್ತಾರೆ. ಮನೆಯಲ್ಲಿ ಹೆಂಗಸರ ಮಾತಿನ ಕಥೆಯೂ ಹೆಚ್ಚು ಕಡಿಮೆ ಇದೇ. ಮಾತು ಚೆನ್ನಾಗಿದ್ದರೆ ಅದು ಎಲ್ಲರದ್ದು, ಗಾದೆ ಆಗುತ್ತೆ, ದೊಡ್ಡಪ್ಪನ ಜೋಕು ಆಗುತ್ತೆ. ಮಾತು ಚುಚ್ಚಿದರೆ ಮಾತ್ರ ತಕ್ಷಣ ಹೆಸರು ಬರುತ್ತೆ: "ಯಾರು ಹೇಳಿದ್ದು? ಅವಳಾ? ಅವಳ ಬಾಯಿ ಹಾಗೇ."

ಇದು ಇವತ್ತಿನ ಕಥೆಯಲ್ಲ. ನಮ್ಮ ಕಡೆ ಮದುವೆಯಲ್ಲಿ ಬೀಗರನ್ನು ಛೇಡಿಸುವ ಹಾಡುಗಳಿದ್ದವು. ಗಂಡಿನ ಕಡೆಯವರ ಹೊಟ್ಟೆ, ಜಿಪುಣತನ, ಬೀಗಿತ್ತಿಯ ಬಿಂಕ, ಯಾವುದನ್ನೂ ಬಿಡದೆ ಹೆಂಗಸರು ಹಾಡಿ ಹರಾಜು ಹಾಕುತ್ತಿದ್ದರು. ಬೀಗರು ಕೋಪ ಮಾಡಿಕೊಳ್ಳುವ ಹಾಗಿರಲಿಲ್ಲ. ಲೈಸೆನ್ಸು ಮಾತ್ರ ಆ ಒಂದೆರಡು ದಿನಕ್ಕೆ. ಮಾರನೇ ದಿನದಿಂದ ಅದೇ ಮಾತು ಆಡಿದರೆ ಸೊಕ್ಕು.

ಇನ್ನೊಂದು ಪದ್ಧತಿ ಒಡಪು. ಗಂಡನ ಹೆಸರನ್ನು ನೇರವಾಗಿ ಹೇಳಬಾರದು ಅಂತ ಇದ್ದ ಕಾಲದಲ್ಲಿ, ಹೆಂಗಸರು ಪ್ರಾಸ ಕಟ್ಟಿ, ಉಪಮೆ ಸೇರಿಸಿ, ಸಾಲಿನ ಕೊನೆಯಲ್ಲಿ ಅವರ ಹೆಸರು ಬರುವ ಹಾಗೆ ಮಾಡುತ್ತಿದ್ದರು. ಉತ್ತರ ಕರ್ನಾಟಕದಲ್ಲಿ ಈಗಲೂ ಮದುವೆ, ಸೀಮಂತದಲ್ಲಿ ಹೇಳಿಸುತ್ತಾರೆ. ಕೇಳಿದವರಿಗೆ ಗೊತ್ತು, ಅದರಲ್ಲಿ ಎಷ್ಟು ಚುರುಕು ಬುದ್ಧಿ ಇರುತ್ತೆ ಅಂತ. ನನಗೆ ಅದನ್ನು ಕೇಳಿದಾಗೆಲ್ಲ ಒಂದೇ ಯೋಚನೆ. ಅಷ್ಟು ಪ್ರತಿಭೆ ಸುರಿದು ಕಟ್ಟಿದ ಪದ್ಯದ ಕೊನೆಗೆ ಹೆಸರು ಬರುವುದು ಗಂಡನದ್ದು. ಪದ್ಯ ಕಟ್ಟಿದವಳ ಹೆಸರು ಎಲ್ಲೂ ಇಲ್ಲ.

ಹಾಗಂತ ಹೆಸರು ಹಾಕುವ ಸಂಪ್ರದಾಯ ನಮ್ಮ ನೆಲದಲ್ಲಿ ಇರಲಿಲ್ಲವೇ? ಹುಲಿಕೆರೆಯಿಂದ ಸ್ವಲ್ಪ ದೂರ ಹೋದರೆ ಸಾಕು. ಬೇಲೂರು, ಹಳೇಬೀಡಿನ ಗುಡಿಗಳಲ್ಲಿ ಹೊಯ್ಸಳರ ಶಿಲ್ಪಿಗಳು ತಮ್ಮ ಕೆಲಸದ ಕೆಳಗೆ ಹೆಸರು ಕೆತ್ತಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಇವರ ಹೆಸರು ಒಂಬೈನೂರು ವರ್ಷದ ನಂತರವೂ ಬೇಲೂರಿನ ಕಲ್ಲಿನ ಮೇಲಿದೆ. ಅವರಿಗೂ ತಮಾಷೆ ಗೊತ್ತಿತ್ತು. ಬೇಲೂರಿನಲ್ಲಿ ಒಬ್ಬಳು ಮದನಿಕೆಯ ಸೀರೆ ಸೆರಗನ್ನು ಮಂಗ ಎಳೆಯುತ್ತಿರುವ ಶಿಲ್ಪ ಇದೆ. ಗೈಡ್‌ಗಳು ಅಲ್ಲಿ ನಿಂತು ನಗಿಸದೇ ಮುಂದೆ ಹೋಗುವುದಿಲ್ಲ. 2023ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದವು ಈ ದೇವಸ್ಥಾನಗಳು. ಅಂದರೆ ಕೆಲಸದ ಕೆಳಗೆ ಹೆಸರು ಹಾಕುವುದು ಅಹಂಕಾರ ಅಂತ ನಮ್ಮ ಹಿರಿಯರು ತಿಳಿದಿರಲಿಲ್ಲ. ಆ ಮದನಿಕೆಗೇ ಉಳಿ ಕೊಟ್ಟು, ಆ ಮಂಗದ ಬಗ್ಗೆ ನಿನಗೇನನ್ನಿಸುತ್ತೆ ಕೆತ್ತಮ್ಮ ಅಂತ ಯಾರೂ ಕೇಳಲಿಲ್ಲ, ಅಷ್ಟೆ.

ಸಾಹಿತ್ಯದಲ್ಲೂ ನೋಡಿ. ಹರಟೆ ಅನ್ನುವುದು ಕನ್ನಡದಲ್ಲಿ ಒಂದು ಮರ್ಯಾದಸ್ಥ ಪ್ರಕಾರ. ಎ.ಎನ್. ಮೂರ್ತಿರಾಯರ 'ಹಗಲುಗನಸುಗಳು', ಗೊರೂರರ 'ಹಳ್ಳಿಯ ಚಿತ್ರಗಳು', ನಾನು ತುಂಬ ಇಷ್ಟಪಟ್ಟು ಓದಿದ ಪುಸ್ತಕಗಳು. ಗೊರೂರರಂತೂ ನಮ್ಮ ಜಿಲ್ಲೆಯವರು, ಅವರ ಹಳ್ಳಿಯ ಜನ ನನಗೆ ನೆಂಟರ ಹಾಗೆ. ಆದರೆ ಅದೇ ಪದವನ್ನು ಮನೆಯಲ್ಲಿ ಹೇಗೆ ಬಳಸುತ್ತೇವೆ? ಗಂಡಸು ಜಗಲಿ ಮೇಲೆ ಕೂತು ಹರಟಿದರೆ ಲಲಿತ ಪ್ರಬಂಧ. ಹೆಂಗಸು ಹಿತ್ತಲಲ್ಲಿ ನಿಂತು ಹರಟಿದರೆ, "ಒಲೆ ಮೇಲೆ ಹಾಲಿಟ್ಟಿದ್ದೀಯ, ನೆನಪಿದೆಯಾ?"

ಇಷ್ಟು ಹೊತ್ತು ನಗುತ್ತಾ ಬಂದೆ. ಈಗ ನಗು ಬಾರದ ಒಂದು ವಿಷಯ.

ಚಿಕ್ಕಪ್ಪನ ಮಗಳು, ನನಗಿಂತ ನಾಲ್ಕು ವರ್ಷ ಚಿಕ್ಕವಳು. ಎಂ.ಎಸ್ಸಿ. ಮಾಡಿ ಅರಸೀಕೆರೆಯ ಒಂದು ಕಾಲೇಜಿನಲ್ಲಿ ಗೆಸ್ಟ್ ಲೆಕ್ಚರರ್. ಅಜ್ಜಿಯ ನಾಲಿಗೆ ನೇರವಾಗಿ ಇಳಿದು ಬಂದಿರುವುದು ಅವಳಿಗೆ. ಕಳೆದ ವರ್ಷ ಅವಳನ್ನು ನೋಡಲು ಗಂಡಿನ ಕಡೆಯವರು ಬಂದರು. ಕೇಸರಿಬಾತು, ಉಪ್ಪಿಟ್ಟು, ಎಲ್ಲ ಆಯಿತು. ನಾನೂ ಇದ್ದೆ. ಹುಡುಗನ ಸೋದರಮಾವ ಕೇಳಿದರು, "ಅಡುಗೆ ಬರುತ್ತೇನಮ್ಮಾ?"

ಅವಳು ತಟ್ಟೆ ಕೊಡುತ್ತಲೇ ಹೇಳಿದಳು: "ಅಡುಗೆ ಬರುತ್ತೆ ಅಂಕಲ್. ಪಾತ್ರೆ ತೊಳೆಯೋಕೆ ಯಾರು ಬರ್ತಾರೆ ಅಂತ ನೋಡ್ತಾ ಇದ್ದೀನಿ."

ಹುಡುಗ ನಕ್ಕುಬಿಟ್ಟ. ನಿಜವಾದ ನಗು, ಬಾಯಲ್ಲಿದ್ದ ಉಪ್ಪಿಟ್ಟು ನೆತ್ತಿಗೆ ಹತ್ತುವಂಥದ್ದು. ಉಳಿದವರು ಯಾರೂ ನಗಲಿಲ್ಲ. ಚಿಕ್ಕಮ್ಮ ಬಾಗಿಲ ಹಿಂದೆ ಹಣೆ ಚಚ್ಚಿಕೊಂಡರು. ಅಜ್ಜಿ ಮಾತ್ರ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡಿದ್ದರು.

ಮೂರು ದಿನದ ಮೇಲೆ ಸಂಬಂಧ ತಂದವರ ಫೋನ್ ಬಂತು. "ಹುಡುಗಿ ಲಕ್ಷಣವಾಗಿದ್ದಾಳೆ, ಓದಿದ್ದಾಳೆ, ಎಲ್ಲ ಸರಿ. ಮಾತು ಸ್ವಲ್ಪ ಮುಂದು ಅಂತಾರೆ."

ಒಂದು ಸಂಬಂಧ ತಪ್ಪಿದ್ದಕ್ಕೆ ನನಗೆ ಬೇಜಾರಿಲ್ಲ. ಮಾತಿಗೆ ಹೆದರುವ ಮನೆಗೆ ಅವಳು ಹೋಗದಿದ್ದದ್ದೇ ಒಳ್ಳೆಯದು. ಬೇಜಾರಿರುವುದು ಆಮೇಲೆ ಆದದ್ದಕ್ಕೆ. ಆ ಒಂದು ಸಾಲು ಊರೆಲ್ಲ ಹಬ್ಬಿತು. ಅದನ್ನು ಹೇಳಿ ನಕ್ಕವರೇ, ಕೊನೆಗೆ "ಆದ್ರೂ ಹುಡುಗಿ ಹಾಗೆ ಅನ್ನಬಾರದಿತ್ತು" ಅಂತ ಸೇರಿಸುತ್ತಿದ್ದರು. ದೊಡ್ಡಪ್ಪನ ಜೋಕಿಗೆ ಸಿಕ್ಕ ಚಪ್ಪಾಳೆ ಇವಳದ್ದಕ್ಕೆ ಸಿಗಲಿಲ್ಲ. ಇವಳ ಹೆಸರು ಮಾತ್ರ ಪಕ್ಕಾ ಅಂಟಿಕೊಂಡಿತು. ಗಿಟ್ ಬ್ಲೇಮ್, ಅಕ್ಷರಶಃ. ಎರಡನೇ ಸಲ ನೋಡಲು ಬಂದವರ ಮುಂದೆ ಅವಳು ಕೇಳಿದ್ದಕ್ಕೆಲ್ಲ "ಹೂಂ", "ಊಹೂಂ" ಅಂತ ಅಷ್ಟೇ ಅಂದಳಂತೆ. ನಮ್ಮ ಕಸಿನ್ಸ್ ಗ್ರೂಪಿನಲ್ಲಿ ದಿನಕ್ಕೆ ಹತ್ತು ಸಲ ನಗಿಸುತ್ತಿದ್ದವಳು ಹಬ್ಬಕ್ಕೆ ಒಂದು ದೀಪದ ಸ್ಟಿಕ್ಕರ್ ಕಳಿಸಿ ಸುಮ್ಮನಾಗತೊಡಗಿದಳು. ಒಬ್ಬಳು ಹುಡುಗಿಯ ಬಾಯಿ ಮುಚ್ಚಿಸಲು ಯಾರೂ ಬೈಯಬೇಕಾಗಿಲ್ಲ. ಎಲ್ಲರೂ ಸೇರಿ ಸ್ವಲ್ಪ ಸ್ವಲ್ಪ ನಕ್ಕು, ಆಮೇಲೆ ಸ್ವಲ್ಪ ಸ್ವಲ್ಪ ತಲೆ ಅಲ್ಲಾಡಿಸಿದರೆ ಸಾಕು.

ಊರು ಹಳೆಯದು, ಹಾಗೇ ಇರುತ್ತೆ ಅನ್ನಬೇಡಿ. ಒಂದು ಏರ್‌ಕಂಡೀಷನ್ ರೂಮಿನಲ್ಲಿ ನನ್ನ ವಾರ್ಷಿಕ ರಿವ್ಯೂ ನಡೆದಾಗಲೂ ಇದೇ ಮಾತು ಇಂಗ್ಲಿಷಿನಲ್ಲಿ ಬಂತು. ಕೆಲಸ ಚೆನ್ನಾಗಿದೆ, ಆದರೆ ಮೀಟಿಂಗುಗಳಲ್ಲಿ ಸ್ವಲ್ಪ ಗಂಭೀರವಾಗಿದ್ದರೆ ಒಳ್ಳೆಯದು ಅಂದರು. ಅದೇ ಟೀಮಿನಲ್ಲಿ ನನಗಿಂತ ಜಾಸ್ತಿ ಜೋಕು ಹೊಡೆಯುವ ಹುಡುಗನ ರಿವ್ಯೂದಲ್ಲಿ, ಟೀಮಿನ ಉತ್ಸಾಹ ಹೆಚ್ಚಿಸುತ್ತಾನೆ ಅಂತ ಬರೆದಿತ್ತು. ಅವನೇ ತೋರಿಸಿದ. ಇಬ್ಬರೂ ಕಾಫಿ ಕುಡಿಯುತ್ತಾ ನಕ್ಕೆವು. ಬೇರೆ ಏನು ಮಾಡುವುದು?

ಅದಕ್ಕೇ ನನಗೆ ಸುನಂದಮ್ಮನವರು ಬರೆದದ್ದಕ್ಕಿಂತ, ಬರೆದು ಕೆಳಗೆ 'ಟಿ. ಸುನಂದಮ್ಮ' ಅಂತ ಹಾಕಿದ್ದು ದೊಡ್ಡದು ಅನ್ನಿಸುತ್ತೆ. ಜಗಲಿಯ ಮೇಲೆ ಆಡಿ ಹೋಗಿದ್ದರೆ ಅವರ ಮಾತೂ ಯಾರದೋ ದೊಡ್ಡಪ್ಪನ ಜೋಕಾಗಿ ಉಳಿಯುತ್ತಿತ್ತು. ಅಚ್ಚಾದ ಮೇಲೆ ಹಾಗಾಗಲಿಲ್ಲ. ನಗು ಅವರದ್ದು, ಅದರ ಜವಾಬ್ದಾರಿಯೂ ಅವರದ್ದು. ಇಷ್ಟು ಬಂದು ಮುಟ್ಟಲು ಹಿಂದಿನವರು ಸವೆಸಿದ ದಾರಿ ಸಣ್ಣದಲ್ಲ. ನಂಜನಗೂಡು ತಿರುಮಲಾಂಬ 1913ರಲ್ಲಿ 'ಸತೀ ಹಿತೈಷಿಣಿ' ಅಂತ ತಮ್ಮದೇ ಗ್ರಂಥಮಾಲೆ ಶುರು ಮಾಡಬೇಕಾಯಿತು. ಬರೆಯುವುದು ಒಂದು ಕೆಲಸ, ಅಚ್ಚು ಹಾಕಿಸುವುದು ಅದಕ್ಕಿಂತ ದೊಡ್ಡ ಕೆಲಸ.

ಇನ್ನೊಂದು ಸಂಗತಿ ಗೊತ್ತಾದಾಗ ನನಗೆ ಬಹಳ ಖುಷಿಯಾಯಿತು. 1979ರಲ್ಲಿ ಕರ್ನಾಟಕ ಲೇಖಕಿಯರ ಸಂಘ ಶುರುವಾದಾಗ ಅದರ ಮೊದಲ ಅಧ್ಯಕ್ಷೆ ಯಾರು ಗೊತ್ತೇ? ಇದೇ ಸುನಂದಮ್ಮ. ನಾಡಿನ ಬರೆಯುವ ಹೆಂಗಸರೆಲ್ಲ ಒಂದು ಕಡೆ ಸೇರಿದಾಗ ಮುಂದಿನ ಕುರ್ಚಿಯಲ್ಲಿ ಕೂತದ್ದು ನಗಿಸುವವರು. ನಗಿಸುವವರನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ ಅನ್ನುವ ಮಾತಿಗೆ ಇದಕ್ಕಿಂತ ಉತ್ತರ ಬೇಕೇ? ನನ್ನ ಮುಂದಿನ ರಿವ್ಯೂಗೆ ಇದನ್ನ ಪ್ರಿಂಟ್ ತೆಗೆದಿಟ್ಟುಕೊಂಡಿದ್ದೇನೆ.

ಅವರ ಹಿಂದೆ ಬಂದವರೂ ಇದ್ದಾರೆ. ಮಂಗಳೂರಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತಲೇ ನಗೆಬರಹ ಬರೆದ ಭುವನೇಶ್ವರಿ ಹೆಗಡೆ ಇದ್ದಾರೆ. ಎಚ್‌ಎಎಲ್‌ನಲ್ಲಿ ಇಂಜಿನಿಯರ್ ಆಗಿದ್ದುಕೊಂಡು ಕಥೆ, ಅಂಕಣ ಎಲ್ಲ ಬರೆದ ನೇಮಿಚಂದ್ರ ಇದ್ದಾರೆ, ಡೆಡ್‌ಲೈನ್ ಇದೆ ಅಂತ ನೆಪ ಹೇಳುವ ನನ್ನಂಥವರಿಗೆ ಅವರ ಹೆಸರೇ ಒಂದು ಏಟು. ಇನ್ನು ನಮ್ಮ ಹಾಸನದ ಬಾನು ಮುಷ್ತಾಕ್. 2025ರ ಮೇ ತಿಂಗಳಲ್ಲಿ ಅವರ ಹನ್ನೆರಡು ಕಥೆಗಳ ಇಂಗ್ಲಿಷ್ ಅನುವಾದ 'ಹಾರ್ಟ್ ಲ್ಯಾಂಪ್'ಗೆ ಅಂತಾರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದಾಗ ಎಲ್ಲರೂ ನೋವು, ಹೋರಾಟ ಅಂತ ಬರೆದರು. ಅದೆಲ್ಲ ನಿಜವೇ. ಆದರೆ ಆ ಕಥೆಗಳಲ್ಲಿ ಒಣ ಮೆಣಸಿನಕಾಯಿಯಂಥ ವ್ಯಂಗ್ಯವೂ ಇದೆ. ದೇವರಿಗೇ ಒಂದು ಸಲ ಹೆಣ್ಣಾಗಿ ನೋಡು ಅಂತ ಸವಾಲು ಹಾಕುವ ಕಥೆ ಬರೆಯಲು ವಕೀಲರ ಧೈರ್ಯವೂ ಬೇಕು, ಕೊರವಂಜಿಯ ನಾಲಿಗೆಯೂ ಬೇಕು. ದೀಪಾ ಭಾಸ್ತಿ ಅವುಗಳನ್ನು ಇಂಗ್ಲಿಷಿಗೆ ತಂದಾಗ ಬಹುಮಾನ ಇಬ್ಬರಿಗೂ ಸಮಾನವಾಗಿ ಹಂಚಿತು, ಇಬ್ಬರ ಹೆಸರೂ ಬಂತು. ಅದೂ ನನಗೆ ಇಷ್ಟವಾಯಿತು.

ಅವೆನ್ಯೂ ರೋಡಿನ ಆ ಹರಿದ ಪುಸ್ತಕದಿಂದ ಸುನಂದಮ್ಮನವರ ಎರಡು ಪುಟದ ಫೋಟೋ ತೆಗೆದು ತಂಗಿಗೆ ಕಳಿಸಿದೆ. ಬುದ್ಧಿವಾದ ಏನೂ ಬರೆಯಲಿಲ್ಲ. ಎರಡು ದಿನ ನೀಲಿ ಟಿಕ್ ಮಾತ್ರ ಇತ್ತು. ಮೂರನೇ ದಿನ ರಾತ್ರಿ ಹನ್ನೊಂದಕ್ಕೆ ಉತ್ತರ ಬಂತು: "ಅಕ್ಕ, ಇವರನ್ನ ನೋಡೋಕೆ ಬಂದೋರು ಉಪ್ಪಿಟ್ಟು ತಿಂದು ಏನು ಹೇಳಿರಬಹುದು?"

ಹಾಸಿಗೆಯಲ್ಲಿ ಎದ್ದು ಕೂತೆ. ಆರು ತಿಂಗಳ ನಂತರ ಅವಳ ಧ್ವನಿ ಕೇಳಿಸಿತ್ತು.

ಹುಡುಗರಿಗೆ ಒಂದು ಮಾತು, ಕೋಪ ಬೇಡ. ಆವತ್ತು ನಕ್ಕ ಹುಡುಗನ ಮೇಲೆ ನನಗೆ ದ್ವೇಷ ಇಲ್ಲ. ಅವನಿಗೆ ಜೋಕು ಅರ್ಥವಾಗಿತ್ತು, ಬಹುಶಃ ಹುಡುಗಿಯೂ ಇಷ್ಟವಾಗಿದ್ದಳು. ಆದರೆ ಅವನು ನಕ್ಕಿದ್ದು ಜಗಲಿಯಲ್ಲೇ ಉಳಿಯಿತು, ಕಾರು ಹತ್ತಲಿಲ್ಲ. ಮಾವ "ಮಾತು ಮುಂದು" ಅಂದಾಗ, "ನನಗೆ ಅದೇ ಇಷ್ಟ ಆಯ್ತು ಮಾವ" ಅಂತ ಒಂದು ಸಾಲು ಹೇಳಿದ್ದರೆ ಸಾಕಿತ್ತು. ಮದುವೆ ಆಗುತ್ತಿತ್ತೋ ಇಲ್ಲವೋ ಬೇರೆ ವಿಷಯ. ಅವಳ ಮಾತಿಗೆ ಒಬ್ಬ ಸಾಕ್ಷಿ ಸಿಗುತ್ತಿದ್ದ. ನೀವು ನಗುವುದಾದರೆ, ನಕ್ಕಿದ್ದೇನೆ ಅಂತ ಎಲ್ಲರ ಮುಂದೆ ಒಪ್ಪಿಕೊಳ್ಳಿ. ಆಫೀಸಿನಲ್ಲೂ ಅಷ್ಟೆ. ಪಕ್ಕದ ಸೀಟಿನವಳ ಮಾತನ್ನು ಮೀಟಿಂಗಿನಲ್ಲಿ ಹೇಳುವಾಗ, "ಇವಳು ಹೇಳಿದ್ದು" ಅಂತ ಶುರು ಮಾಡಿ. ಎರಡು ಪದ, ಜಿಎಸ್‌ಟಿ ಇಲ್ಲ.

ಹುಡುಗಿಯರಿಗೆ ಹೇಳುವುದು ಇನ್ನೂ ಸಣ್ಣದು. ನಿಮ್ಮ ಮನೆಯಲ್ಲಿ ಅಜ್ಜಿ, ಅಮ್ಮ, ಅತ್ತೆ ಯಾರೋ ಒಬ್ಬರು ಹೀಗೆ ಮಾತಾಡುವವರು ಇದ್ದೇ ಇರುತ್ತಾರೆ. ಫೋನಿನ ನೋಟ್ಸ್‌ನಲ್ಲಿ ಅವರ ಹೆಸರಿನ ಒಂದು ಪುಟ ತೆಗೆಯಿರಿ. ಅವರು ಅಂದದ್ದನ್ನ ಅಂದ ಹಾಗೇ, ತಾರೀಖು ಸಮೇತ ಬರೆದಿಡಿ. ದಿನಸಿ ಪಟ್ಟಿ ಬರೆಯುವಷ್ಟೇ ಕೆಲಸ. ಮತ್ತೆ ನಿಮ್ಮದೇ ಒಂದು ಮಾತು ಎಲ್ಲಾದರೂ ಚೆನ್ನಾಗಿ ಬಂದರೆ ಅದನ್ನೂ ಬರೆದು ಕೆಳಗೆ ನಿಮ್ಮ ಹೆಸರು ಹಾಕಿ. ಇನಿಷಿಯಲ್ ಸಮೇತ, ಟಿ. ಸುನಂದಮ್ಮನವರ ಹಾಗೆ.

ನಾನು ಈ ಕೆಲಸ ಶುರು ಮಾಡಿದ್ದೇನೆ. ನನ್ನ ಫೋನಿನಲ್ಲಿ ಈಗ ಅಜ್ಜಿಯ ನಲವತ್ತೆರಡು ಮಾತುಗಳಿವೆ. ತಂಗಿಯದ್ದು ಏಳು, ಎಂಟನೆಯದು ನಿನ್ನೆ ಬಂತು. ಇಷ್ಟೆಲ್ಲ ಹೆಸರು ಹೆಸರು ಅಂತ ಬರೆದು, ಅಜ್ಜಿಯ ಹೆಸರನ್ನೇ ಇಲ್ಲಿ ಹಾಕಿಲ್ಲವಲ್ಲ ಅಂತ ನೀವು ಕೇಳಬಹುದು. ಹಾಕಲೇ ಅಂತ ಫೋನ್ ಮಾಡಿ ಕೇಳಿದೆ. ಅಂಕಣ ಅಂದರೆ ಏನು, ಎಷ್ಟು ಜನ ಓದುತ್ತಾರೆ, ಎಲ್ಲ ವಿಚಾರಿಸಿಕೊಂಡರು. ಆಮೇಲೆ ಹೇಳಿದರು:

"ನನ್ನ ಹೆಸರು ಹಾಕೋದಾದ್ರೆ ದುಡ್ಡೂ ನನಗೇ ಬರ್ಬೇಕು ಕಣೆ."

ಸಂಪಾದಕರ ಜೊತೆ ಮಾತುಕತೆ ನಡೆಯುತ್ತಿದೆ.